ತೆರೆಯ ಮೇಲಿನ ಗುರು: ಯೋಗದ ವಿಡಿಯೊಗಳು ಕಲಿಸುವುದೆಷ್ಟು?

ಯೋಗಾಸನಗಳನ್ನು ಹೇಳಿಕೊಡುವ ವಿಡಿಯೊಗಳಿಗೆ ಇಂದು ಕೊರತೆಯಿಲ್ಲ. ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿ.ಡಿ., ಡಿ.ವಿ.ಡಿ.ಗಳಲ್ಲಿ ಬರುತ್ತಿದ್ದ ಪಾಠಗಳು ಈಗ ಮೊಬೈಲ್ ಫೋನಿನಲ್ಲೇ ದೊರೆಯುತ್ತವೆ. ಕೋವಿಡ್ ಕಾಲದ 2020ರ ಜೂನ್ 21ರಂದು ಅಂತಾರಾಷ್ಟ್ರೀಯ ಯೋಗ ದಿನದ ಘೋಷವಾಕ್ಯವೇ 'ಮನೆಯಲ್ಲಿ ಯೋಗ, ಕುಟುಂಬದೊಂದಿಗೆ ಯೋಗ' ಎಂದಾಗಿತ್ತು. ಆ ವರ್ಷ ಮನೆಯ ಹಜಾರದಲ್ಲಿ ಚಾಪೆ ಹಾಸಿದ ಅನೇಕರು ಅದನ್ನು ಮತ್ತೆ ಸುತ್ತಿಡಲಿಲ್ಲ. ಅವರಲ್ಲಿ ಹಲವರು ಇಂದು ತಾಡಾಸನ, ಭುಜಂಗಾಸನಗಳನ್ನು ದಾಟಿ ಶೀರ್ಷಾಸನ, ಬಕಾಸನ, ಕಪೋತಾಸನಗಳ ಮುಂದೆ ನಿಂತಿದ್ದಾರೆ. ಇವರೇ ಮಧ್ಯಮ ಹಂತದ ಅಭ್ಯಾಸಿಗಳು. ಇವರಿಗೆ ವಿಡಿಯೊ ಎಂಬ ಮಾಧ್ಯಮ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಪುಸ್ತಕವನ್ನು, ನಾಟಕವನ್ನು, ಸಂಗೀತ ಕಚೇರಿಯನ್ನು ನಾವು ವಿಮರ್ಶೆಗೆ ಒಳಪಡಿಸುತ್ತೇವೆ. ದೇಹವನ್ನೇ ಬಾಗಿಸಿ ತಿರುಚುವ ಪಾಠವನ್ನು ಮಾತ್ರ ಎಷ್ಟು ಜನ ನೋಡಿದರು ಎಂಬ ಲೆಕ್ಕದಿಂದ ಅಳೆಯುತ್ತೇವೆ. ಇದು ಸರಿಯಲ್ಲ.

ಮೈಸೂರಿನಿಂದ ಆರಂಭ

ಈ ಪ್ರಶ್ನೆಗೆ ಕರ್ನಾಟಕದ ನಂಟು ಹಳೆಯದು. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲಿ ಬರೆದರು. 1938ರಲ್ಲಿ ಅವರನ್ನೂ ಅವರ ಕುಟುಂಬದವರನ್ನೂ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರನ್ನೂ ಒಂದು ಮೂಕಿ ಚಿತ್ರದಲ್ಲಿ ಸೆರೆಹಿಡಿಯಲಾಯಿತು. ಇಂದು ಹೆಚ್ಚು ಜನ ನೋಡಿರುವ ಹಳೆಯ ಯೋಗ ಚಿತ್ರಗಳಲ್ಲಿ ಅದೂ ಒಂದು. ಇಪ್ಪತ್ತರ ಆಸುಪಾಸಿನ ಅಯ್ಯಂಗಾರರು ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ ರೀತಿಯನ್ನು ನೋಡಿ ಬೆರಗಾಗದವರಿಲ್ಲ. ಆದರೆ ಅದನ್ನು ನೋಡಿ ಯಾರಾದರೂ ಆಸನ ಕಲಿಯಬಲ್ಲರೇ? ಅದರಲ್ಲಿ ಮಾತಿಲ್ಲ, ಉಸಿರಿನ ಸೂಚನೆಯಿಲ್ಲ, ಪೂರ್ವಸಿದ್ಧತೆಯಿಲ್ಲ. ಅದು ಪ್ರದರ್ಶನ, ಪಾಠವಲ್ಲ. ಪಾಠವೆಂದು ಅದು ಹೇಳಿಕೊಳ್ಳುವುದೂ ಇಲ್ಲ. ತೊಂದರೆ ಇರುವುದು ಪ್ರದರ್ಶನವೇ ಪಾಠದ ಹೆಸರಿನಲ್ಲಿ ಬಂದಾಗ.

ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯರು ಹಾಸನದ ಬಳಿಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸರು. ಇವರ ಕನ್ನಡ ಪುಸ್ತಕ 'ಯೋಗಮಾಲಾ' 1962ರಲ್ಲಿ ಪ್ರಕಟವಾಯಿತು. ಇವರು ಕಲಿಸಿದ ಅಷ್ಟಾಂಗ ವಿನ್ಯಾಸ ಪದ್ಧತಿಯಲ್ಲಿ 'ಮಧ್ಯಮ' ಎಂಬುದು ಸಡಿಲವಾದ ಮಾತಲ್ಲ. ಪ್ರಾಥಮಿಕ ಸರಣಿ ಮುಗಿದ ಮೇಲೆ ಬರುವ ಎರಡನೆಯ ಸರಣಿಗೇ ಆ ಹೆಸರಿದೆ. ನಾಡೀಶೋಧನ ಎಂದೂ ಕರೆಯುತ್ತಾರೆ. ಪಾಶಾಸನದಿಂದ ಆರಂಭವಾಗಿ ಕಪೋತಾಸನ, ಏಕಪಾದ ಶೀರ್ಷಾಸನ, ಪಿಂಛ ಮಯೂರಾಸನ, ಕಾರಂಡವಾಸನಗಳನ್ನು ದಾಟಿ ಶೀರ್ಷಾಸನದ ಏಳು ಪ್ರಕಾರಗಳೊಂದಿಗೆ ಅದು ಮುಗಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಕಲಿಸುವ ಕ್ರಮ. ಜಗತ್ತಿನಾದ್ಯಂತ 'ಮೈಸೂರು ಶೈಲಿ' ಎಂದು ಹೆಸರಾಗಿರುವ ಈ ಕ್ರಮದಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರಿನ ವೇಗದಲ್ಲಿ ಅಭ್ಯಾಸ ಮಾಡುತ್ತಾರೆ. ಗುರು ನಡುವೆ ಓಡಾಡುತ್ತ ತಿದ್ದುತ್ತಾನೆ. ಒಂದು ಆಸನ ಕುದುರಿದ ಮೇಲಷ್ಟೇ ಮುಂದಿನದನ್ನು 'ಕೊಡುತ್ತಾನೆ'. ಕುದುರದಿದ್ದರೆ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ವಿಡಿಯೊದಲ್ಲಿ ಈ ತಡೆಗೋಡೆ ಇಲ್ಲ. ಮುಂದಿನ ಆಸನ ತಾನಾಗಿಯೇ ಬಂದುಬಿಡುತ್ತದೆ. 'ಇಂದಿಗೆ ಇಷ್ಟು ಸಾಕು' ಎಂದು ಹೇಳಲು ವಿಡಿಯೊಗೆ ಬರುವುದಿಲ್ಲ. ಮಧ್ಯಮ ಹಂತದ ಎಲ್ಲ ತೊಡಕುಗಳ ಮೂಲ ಇಲ್ಲಿದೆ.

ಆಕಾರ ಒಂದೇ, ಚಲನೆ ಬೇರೆ

ಕ್ಯಾಮೆರಾ ಹಿಡಿಯುವುದು ದೇಹದ ಹೊರ ಆಕಾರವನ್ನು. ಆ ಆಕಾರ ಯಾವ ಕೀಲಿನ ಚಲನೆಯಿಂದ ಬಂತು, ಭಾರ ಎಲ್ಲಿ ಬಿದ್ದಿದೆ ಎಂಬುದನ್ನು ಅದು ತೋರಿಸಲಾರದು. ಪದ್ಮಾಸನವನ್ನೇ ತೆಗೆದುಕೊಳ್ಳೋಣ. ತೊಡೆಯ ಮೂಳೆಯ ಗುಂಡುತಲೆ ಸೊಂಟದ ಕೀಲಿನ ಬಟ್ಟಲಿನೊಳಗೆ ಹೊರಕ್ಕೆ ಹೊರಳಿದರೆ ಪಾದ ಸಲೀಸಾಗಿ ಎದುರು ತೊಡೆಯ ಮೇಲೆ ಕೂರುತ್ತದೆ. ಅಲ್ಲಿ ಹೊರಳದಿದ್ದರೂ ಪಾದವನ್ನು ಕೈಯಿಂದ ಎಳೆದು ಕೂರಿಸಬಹುದು. ಆಗ ತಿರುಚಿಕೊಳ್ಳುವುದು ಮಂಡಿ. ಮಂಡಿ ಮುಖ್ಯವಾಗಿ ಬಾಗಿಲ ತಿರುಗಣಿಯಂತೆ ಮಡಚಿ ಬಿಚ್ಚುವ ಕೀಲು. ಸುತ್ತ ಹೊರಳುವ ಅವಕಾಶ ಅದಕ್ಕೆ ತೀರ ಕಡಿಮೆ. ನಡುವೆ ಇರುವ ಮೃದ್ವಸ್ಥಿಯ ಬಿಲ್ಲೆ ಈ ತಿರುಚುವಿಕೆಗೆ ಸಿಕ್ಕಿ ಹರಿಯಬಹುದು. ತೆರೆಯ ಮೇಲೆ ಎರಡೂ ಪದ್ಮಾಸನಗಳು ಒಂದೇ ರೀತಿ ಕಾಣುತ್ತವೆ.

ಮಧ್ಯಮ ಸರಣಿಯ ಆಸನಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಕಪೋತಾಸನದಲ್ಲಿ ಹಿಂದಕ್ಕೆ ಬಾಗುವಾಗ ತೊಡೆಯ ಮುಂಭಾಗ, ಎದೆಗೂಡು, ಭುಜಗಳು ತೆರೆದುಕೊಂಡರೆ ಬಾಗು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಅವು ಬಿಗಿಯಾಗಿದ್ದರೆ ಕೆಳಬೆನ್ನಿನ ಒಂದೆರಡು ಕಶೇರುಗಳೇ ಎಲ್ಲವನ್ನೂ ಹೊರಬೇಕಾಗುತ್ತದೆ. ಏಕಪಾದ ಶೀರ್ಷಾಸನದಲ್ಲಿ ಸೊಂಟದ ಕೀಲು ಒಪ್ಪದಿದ್ದರೆ ಬೆನ್ನು ಗೂನಾಗಿ, ಕಾಲಿನ ಒತ್ತಡವೆಲ್ಲ ಕತ್ತಿನ ಹಿಂಭಾಗಕ್ಕೆ ಬರುತ್ತದೆ. ಅಭ್ಯಾಸಿಗೆ 'ಆಸನ ಬಂತು' ಎಂಬ ಸಂತೋಷ ಇಂದೇ ಸಿಗುತ್ತದೆ. ನೋವು ಸಾವಕಾಶವಾಗಿ ಬರುತ್ತದೆ.

ತನ್ನ ಅಂಗಾಂಗಗಳು ಎಲ್ಲಿವೆ ಎಂಬುದು ಕಣ್ಣು ಮುಚ್ಚಿದರೂ ನಮಗೆ ತಿಳಿಯುತ್ತದೆ. ಸ್ನಾಯು, ಸ್ನಾಯುರಜ್ಜು ಮತ್ತು ಕೀಲುಗಳಲ್ಲಿರುವ ಗ್ರಾಹಕಗಳು ಮಿದುಳಿಗೆ ಸದಾ ಸುದ್ದಿ ಕಳಿಸುತ್ತಿರುತ್ತವೆ. ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಈ ಸಂವೇದನೆಗೆ ಹೆಸರಿಟ್ಟರು. ಅದನ್ನು ನಾವು 'ಸ್ವಸ್ಥಾನ ಸಂವೇದನೆ' ಎನ್ನಬಹುದು. ಅಭ್ಯಾಸದಿಂದ ಇದು ಚುರುಕಾಗುತ್ತದೆ, ನಿಜ. ಆದರೆ ವರ್ಷಗಟ್ಟಲೆ ಗೂನುಬೆನ್ನಿನಲ್ಲಿ ಕುಳಿತವನಿಗೆ ಗೂನೇ ನೇರವೆನಿಸುತ್ತದೆ. ತನ್ನ ಬೆನ್ನು ಪರದೆಯ ಮೇಲಿನ ಬೆನ್ನಿನಂತೆಯೇ ಇದೆ ಎಂದು ನಂಬುವ ಅಭ್ಯಾಸಿಗೆ ಅದನ್ನು ಪರೀಕ್ಷಿಸುವ ದಾರಿ ವಿಡಿಯೊದಲ್ಲಿಲ್ಲ. ಸುದ್ದಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ.

ನೋಟ ಎತ್ತ?

ವಿಡಿಯೊ ನೋಡಬೇಕೆಂಬುದೇ ಆಸನಕ್ಕೆ ವಿರೋಧವಾಗುವುದೂ ಉಂಟು. ಅಷ್ಟಾಂಗ ಪದ್ಧತಿಯಲ್ಲಿ ಪ್ರತಿ ಆಸನಕ್ಕೂ ಮೂಗಿನ ತುದಿ, ಹೊಕ್ಕುಳು, ಹೆಬ್ಬೆರಳು ಹೀಗೆ ಒಂಬತ್ತು ದೃಷ್ಟಿಗಳಲ್ಲಿ ಒಂದನ್ನು ಗೊತ್ತುಪಡಿಸಲಾಗಿದೆ. ಹತ್ತನೆಯ ದೃಷ್ಟಿಯಾಗಿ ಟಿ.ವಿ. ಸೇರಿಕೊಂಡರೆ ಕತ್ತು ಅತ್ತ ತಿರುಗಲೇಬೇಕು. ನಿಂತು ಮಾಡುವ ಆಸನಗಳಲ್ಲಿ ಇದರಿಂದ ಸಮತೋಲ ತಪ್ಪುವುದಷ್ಟೆ. ಸರ್ವಾಂಗಾಸನದಲ್ಲಿ ಹಾಗಲ್ಲ. ಅಲ್ಲಿ ಕತ್ತು ಮುಂದಕ್ಕೆ ಪೂರ್ತಿ ಮಡಚಿರುತ್ತದೆ, ಮೇಲೆ ದೇಹದ ಭಾರವಿರುತ್ತದೆ. ಆ ಸ್ಥಿತಿಯಲ್ಲಿ ಮುಂದೇನು ತೋರಿಸುತ್ತಾರೆಂದು ತಲೆಯನ್ನು ಪಕ್ಕಕ್ಕೆ ಹೊರಳಿಸುವುದು ಅಪಾಯಕರ. ಈ ಒಂದು ಎಚ್ಚರಿಕೆಯನ್ನು ಆಸನಕ್ಕೆ ಮೊದಲೇ ಹೇಳದ ವಿಡಿಯೊವನ್ನು ಮಧ್ಯಮ ಹಂತದ ಪಾಠವೆಂದು ಒಪ್ಪಬಾರದು.

ಶೀರ್ಷಾಸನದ ಲೆಕ್ಕ

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಹೆಕ್ಟರ್ ಮತ್ತು ಜೆನ್ಸನ್ ಎಂಬ ಸಂಶೋಧಕರು ಅನುಭವಿಗಳಾದ 45 ಅಭ್ಯಾಸಿಗಳ ಶೀರ್ಷಾಸನವನ್ನು ಅಳೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ತಲೆಯ ಮೇಲೆ ಬಿದ್ದ ಗರಿಷ್ಠ ಬಲ ದೇಹದ ತೂಕದ ಶೇ. 40ರಿಂದ 48ರಷ್ಟಿತ್ತು. 60 ಕಿಲೋಗ್ರಾಂ ತೂಕದವರಿಗೆ ಇದು 24ರಿಂದ 29 ಕಿಲೋ ಆಗುತ್ತದೆ. ಇದರಲ್ಲಿ ಸುಮಾರು 5 ಕಿಲೋ ತಲೆಯದೇ ತೂಕವೆಂದು ಕಳೆದರೂ ಕತ್ತಿನ ಪಾಲಿಗೆ 19ರಿಂದ 24 ಕಿಲೋ ಉಳಿಯುತ್ತದೆ. ನಿಂತಾಗ ಕತ್ತು ಹೊರುವುದು ಆ 5 ಕಿಲೋ ತಲೆಯನ್ನು ಮಾತ್ರ. ಅಂದರೆ ಭಾರ ನಾಲ್ಕೈದು ಪಟ್ಟಾಗುತ್ತದೆ.

ಭಾರ ಎಷ್ಟು ಎಂಬುದರಷ್ಟೇ ಅದು ಎಷ್ಟು ಬೇಗ ಬಿತ್ತು ಎಂಬುದೂ ಮುಖ್ಯ. ಕಾಲನ್ನು ಒದ್ದು ಏರುವುದಕ್ಕಿಂತ ಎರಡೂ ಕಾಲುಗಳನ್ನು ನೇರವಾಗಿ ಜೋಡಿಸಿ ನಿಧಾನವಾಗಿ ಎತ್ತಿದಾಗ ಭಾರ ಏರುವ ವೇಗ ಕಡಿಮೆ ಎಂದು ಅದೇ ಅಧ್ಯಯನ ತಿಳಿಸಿತು. ಹಾಗಾಗಿ ಈ ಆಸನದ ಪಾಠದಲ್ಲಿ ಏರುವ ಮತ್ತು ಇಳಿಯುವ ಭಾಗಗಳೇ ಹೆಚ್ಚು ಹೊತ್ತು ತೆರೆಯ ಮೇಲಿರಬೇಕು. ಬಹುಪಾಲು ವಿಡಿಯೊಗಳಲ್ಲಿ ಕತ್ತರಿ ಬೀಳುವುದು ಇಲ್ಲಿಗೇ. ಒಂದು ಕ್ಷಣ ಶಿಕ್ಷಕರು ನೆಲದ ಮೇಲೆ ಮೊಣಕೈ ಊರಿರುತ್ತಾರೆ. ಮರುಕ್ಷಣ ನೇರವಾಗಿ ತಲೆಕೆಳಗಾಗಿ ನಿಂತಿರುತ್ತಾರೆ.

ಇನ್ನೊಂದು ಗೊಂದಲವೂ ಇದೆ. ಅಯ್ಯಂಗಾರರು 1966ರ ತಮ್ಮ ಪ್ರಸಿದ್ಧ ಇಂಗ್ಲಿಷ್ ಗ್ರಂಥದಲ್ಲಿ ಭಾರವೆಲ್ಲ ತಲೆಯ ಮೇಲೇ ಇರಬೇಕು, ಮುಂಗೈಗಳ ಮೇಲಲ್ಲ ಎಂದರು. ಜೋಯಿಸರ ಪದ್ಧತಿಯಲ್ಲಿ ಭಾರವನ್ನು ಹೊರಬೇಕಾದವು ತೋಳುಗಳು, ತಲೆಯಲ್ಲ. ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು. ಇಬ್ಬರೂ ಮೈಸೂರಿನಲ್ಲಿ ಕಲಿತವರು. ಯಾವುದಾದರೂ ಒಂದು ಪದ್ಧತಿಯಲ್ಲಿ ಮೊದಲಿನಿಂದ ಬೆಳೆದವರಿಗೆ ಅದಕ್ಕೆ ತಕ್ಕ ಸಿದ್ಧತೆ ಆಗಿರುತ್ತದೆ. ಸೋಮವಾರ ಒಬ್ಬರ ವಿಡಿಯೊ, ಮಂಗಳವಾರ ಇನ್ನೊಬ್ಬರದು ಎಂದು ನೋಡುವ ಮನೆಯ ಅಭ್ಯಾಸಿಗೆ ಎರಡೂ ಸೂಚನೆಗಳು ಸಿಗುತ್ತವೆ, ಎರಡರ ಸಿದ್ಧತೆಯೂ ಸಿಗುವುದಿಲ್ಲ.

ಕಣ್ಣಿನ ವಿಷಯವನ್ನೂ ಹೇಳಬೇಕು. ಚೆನ್ನೈನ ನೇತ್ರತಜ್ಞರು ಯೋಗಾಭ್ಯಾಸಿಗಳಾದ 75 ಮಂದಿಯನ್ನು ಪರೀಕ್ಷಿಸಿ, ಶೀರ್ಷಾಸನದಲ್ಲಿದ್ದಾಗ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ ಎಂದು 2006ರಲ್ಲಿ ವರದಿ ಮಾಡಿದರು. ಆರೋಗ್ಯವಂತ ಕಣ್ಣು ಸ್ವಲ್ಪ ಹೊತ್ತು ಇದನ್ನು ತಾಳಿಕೊಂಡೀತು. ಗ್ಲಾಕೋಮ ಇರುವವರಿಗೆ ಇದು ಸಲ್ಲದು. ಗ್ಲಾಕೋಮ ಬಹಳ ಕಾಲ ಯಾವ ಲಕ್ಷಣವನ್ನೂ ತೋರಿಸದೆ ಬೆಳೆಯುವ ಕಾಯಿಲೆ. 'ತೊಂದರೆ ಇರುವವರು ವೈದ್ಯರ ಸಲಹೆ ಪಡೆಯಿರಿ' ಎಂದು ಆರಂಭದಲ್ಲಿ ಓಡುವ ಸಣ್ಣಕ್ಷರದ ಸಾಲು ಯಾರನ್ನೂ ಕಾಪಾಡುವುದಿಲ್ಲ. ತೊಂದರೆ ಇದೆಯೆಂದು ತಿಳಿಯದವರಿಗೇ ಎಚ್ಚರಿಕೆ ಬೇಕಾಗಿರುವುದು. ನಲವತ್ತು ದಾಟಿದವರು ತಲೆಕೆಳಗಾಗುವ ಮೊದಲು ಒಮ್ಮೆ ಕಣ್ಣಿನ ಒತ್ತಡ ಪರೀಕ್ಷಿಸಿಕೊಳ್ಳಿ ಎಂದು ಸ್ಪಷ್ಟವಾಗಿ ಹೇಳಲು ಹತ್ತು ಸೆಕೆಂಡು ಸಾಕು.

ಅಪಾಯವನ್ನು ಹಿಗ್ಗಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ 2001ರಿಂದ 2014ರವರೆಗೆ ಯೋಗದಿಂದಾದ ಗಾಯಗಳಿಗಾಗಿ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ ಪ್ರಕರಣಗಳು ಅಂದಾಜು 29,590 ಎಂದು 2016ರ ಒಂದು ಅಧ್ಯಯನ ಲೆಕ್ಕ ಹಾಕಿತು. ಅಷ್ಟು ದೊಡ್ಡ ದೇಶದಲ್ಲಿ, ಹದಿನಾಲ್ಕು ವರ್ಷಗಳಲ್ಲಿ ಇದು ದೊಡ್ಡ ಸಂಖ್ಯೆಯಲ್ಲ. ಹೆಚ್ಚಿನವು ಉಳುಕು, ಸೆಳೆತಗಳು. ಆದರೆ ಗಾಯದ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರಿತ್ತು. 65 ದಾಟಿದವರಲ್ಲಿ ಅತಿ ಹೆಚ್ಚಾಗಿತ್ತು. ನಮ್ಮಲ್ಲಿಯೂ ನಿವೃತ್ತಿಯ ನಂತರ ಯೋಗ ಆರಂಭಿಸುವವರು ಬಹಳ ಎಂಬುದನ್ನು ಮರೆಯಬಾರದು.

ಸೊಂಟ ಎಂದರೆ ಎಲ್ಲಿ?

ಕನ್ನಡದ ಯೋಗ ವಿಡಿಯೊಗಳ ಭಾಷೆಯನ್ನು ಯಾರೂ ಅಷ್ಟಾಗಿ ವಿಮರ್ಶಿಸಿಲ್ಲ. ಪಶ್ಚಿಮೋತ್ತಾನಾಸನದಲ್ಲಿ 'ಸೊಂಟದಿಂದ ಮುಂದಕ್ಕೆ ಬಾಗಿ' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಸೊಂಟವೆಂದರೆ ಪಂಚೆ ಕಟ್ಟುವ ಜಾಗವೂ ಹೌದು, ಕೆಳಬೆನ್ನೂ ಹೌದು, ತೊಡೆ ಕೂಡುವ ಕೀಲೂ ಹೌದು. ಶಿಕ್ಷಕರ ಮನಸ್ಸಿನಲ್ಲಿರುವುದು ಕೀಲು. ಕೇಳುವವರು ಪಂಚೆ ಕಟ್ಟುವ ಜಾಗದಲ್ಲಿ, ಅಂದರೆ ಕೆಳಬೆನ್ನಿನಲ್ಲಿ ಬಾಗುತ್ತಾರೆ. ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿಯೂ ಬೆನ್ನಿನ ಬಿಲ್ಲೆಗಳ ಮೇಲೆ ಒತ್ತಡ ತಂದುಕೊಳ್ಳುತ್ತಾರೆ. 'ತೊಡೆಸಂದಿನಿಂದ ಬಾಗಿ' ಎಂದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಹಾಗೆಯೇ 'ಕಾಲು ಒತ್ತಿ' ಎಂದಾಗ ಪಾದವೋ ಇಡೀ ಕಾಲೋ, 'ಭುಜ ಹಿಂದಕ್ಕೆ' ಎಂದಾಗ ಹೆಗಲೋ ತೋಳೋ ಎಂಬುದು ಸ್ಪಷ್ಟವಾಗುವುದಿಲ್ಲ. ತರಗತಿಯಲ್ಲಿ ಶಿಕ್ಷಕರ ಬೆರಳು ಆ ಜಾಗವನ್ನು ಮುಟ್ಟಿ ತೋರಿಸುವುದರಿಂದ ಪದದ ಸಡಿಲತೆ ನಡೆಯುತ್ತದೆ. ವಿಡಿಯೊದಲ್ಲಿ ಪದವೇ ಬೆರಳಾಗಬೇಕು.

ಎಡಬಲದ ಗೊಂದಲವೂ ಇಂಥದೇ. ನಮಗೆ ಎದುರಾಗಿ ನಿಂತ ಶಿಕ್ಷಕರು 'ಬಲಗೈ' ಎಂದು ತಮ್ಮ ಬಲಗೈ ಎತ್ತಿದರೆ ಅದು ನಮ್ಮ ಎಡಕ್ಕೆ ಕಾಣುತ್ತದೆ. ಕೆಲವರು ಕನ್ನಡಿಯಂತೆ ಎಡಗೈ ಎತ್ತಿ 'ಬಲ' ಎನ್ನುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ. ಯಾವುದೆಂದು ಮೊದಲೇ ಹೇಳಬೇಕು. ಅರ್ಧ ಮತ್ಸ್ಯೇಂದ್ರಾಸನದಂಥ ತಿರುಚುವ ಆಸನದಲ್ಲಿ ಅರ್ಧದಾರಿಯಲ್ಲಿ ದಿಕ್ಕು ಬದಲಿಸುವುದು ಬೆನ್ನಿಗೆ ಒಳ್ಳೆಯದಲ್ಲ.

ಕೆಲವು ಒಳ್ಳೆಯ ಮಾದರಿಗಳು

ಎಲ್ಲವೂ ದೋಷವೇ ಅಲ್ಲ. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿತ್ರಿಸಿದ, ಜೋಯಿಸರು ಆರು ಶಿಷ್ಯರಿಗೆ ಪ್ರಾಥಮಿಕ ಸರಣಿ ಮಾಡಿಸುವ ವಿಡಿಯೊ ಇಂದಿಗೂ ನೋಡತಕ್ಕದ್ದು. ಅದರಲ್ಲಿ ವಿವರಣೆ ಹೆಚ್ಚಿಲ್ಲ. ಸಂಸ್ಕೃತದ ಎಣಿಕೆ ಮತ್ತು ಉಸಿರಿನ ಸೂಚನೆಗಳೇ ಮುಖ್ಯ. ಯಾವ ಚಲನೆ ಯಾವ ಉಸಿರಿಗೆ ಎಂಬುದು ಕಿವಿಯ ಮೂಲಕವೇ ತಿಳಿಯುತ್ತದೆ. ಕಣ್ಣನ್ನು ತೆರೆಯಿಂದ ಬಿಡಿಸಬಲ್ಲ ವಿಡಿಯೊ ಅದು. ಸರಣಿ ಗೊತ್ತಿರುವವರಿಗೆ ಇದಕ್ಕಿಂತ ಉಪಯುಕ್ತವಾದದ್ದು ಕಡಿಮೆ. ಗೊತ್ತಿಲ್ಲದವರಿಗೆ ಅದರಿಂದ ಏನೂ ಸಿಗದು. ಆದರೆ ಎಣಿಕೆ ಶಿಷ್ಯರ ಸಾಮರ್ಥ್ಯಕ್ಕೆ ಹೊಂದಿದ್ದು. ಒಂದು ಉಸಿರಿಗೆ ಆರು ಸೆಕೆಂಡಾದರೆ ಐದು ಉಸಿರಿಗೆ ಅರ್ಧ ನಿಮಿಷ, ಎಂಟು ಸೆಕೆಂಡಾದರೆ ನಲವತ್ತು ಸೆಕೆಂಡು. ಇನ್ನೊಬ್ಬರ ಉಸಿರಿಗೆ ಸರಿಹೊಂದಲು ತನ್ನ ಉಸಿರನ್ನು ಕಟ್ಟಬೇಕಾಗಿ ಬಂದರೆ ಆ ಆಸನವನ್ನು ಬಿಡಬೇಕೆಂದೇ ಅರ್ಥ.

ಅದೇ ವಿಡಿಯೊದಲ್ಲಿದ್ದ ರಿಚರ್ಡ್ ಫ್ರೀಮನ್ ಮುಂದೆ ಪ್ರಾಥಮಿಕ ಮತ್ತು ಮಧ್ಯಮ ಎರಡೂ ಸರಣಿಗಳಿಗೆ ತಮ್ಮದೇ ವಿಡಿಯೊಗಳನ್ನು ಮಾಡಿದರು. ಅವುಗಳಲ್ಲಿ ಒಳಗಿನ ಚಲನೆಯ ವಿವರಣೆ ಸಮೃದ್ಧವಾಗಿದೆ. ಅಭ್ಯಾಸದ ಜೊತೆಗೇ ಅಷ್ಟನ್ನು ಅರಗಿಸಿಕೊಳ್ಳಲಾಗದು. ಕುಳಿತು ಕೇಳಿ, ಆಮೇಲೆ ಮಾಡಬೇಕು. ಡೇವಿಡ್ ಸ್ವೆನ್ಸನ್ನರ 1999ರ ಕೈಪಿಡಿ ವಿಡಿಯೊ ಅಲ್ಲದಿದ್ದರೂ ವಿಡಿಯೊ ಮಾಡುವವರಿಗೆ ಮೇಲ್ಪಂಕ್ತಿಯಾಗಬಲ್ಲದು. ಕಷ್ಟದ ಆಸನಗಳಿಗೆ ಪೂರ್ಣ ರೂಪದ ಪಕ್ಕದಲ್ಲೇ ಸುಲಭ ರೂಪಗಳನ್ನೂ ಅದು ಕೊಡುತ್ತದೆ. ಅಭ್ಯಾಸಿಗೆ ಬೇಕಾದದ್ದು ಈ ನಡುವಿನ ಮೆಟ್ಟಿಲುಗಳೇ.

ಹಾಗಾದರೆ ಗುರುವಿನ ಕೈ ಎಲ್ಲಕ್ಕಿಂತ ಮೇಲೆಂದು ಹೇಳಿ ಮುಗಿಸಬಹುದೇ? ಅದೂ ಸಾಧ್ಯವಿಲ್ಲ. ಜೋಯಿಸರು 2009ರಲ್ಲಿ ತೀರಿಕೊಂಡರು. ಆಸನ ತಿದ್ದುವ ನೆಪದಲ್ಲಿ ಅವರು ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದರೆಂದು 2017ರಿಂದ ಈಚೆಗೆ ಹಲವು ಮಹಿಳೆಯರು ಬಹಿರಂಗವಾಗಿ ಹೇಳಿದ್ದಾರೆ. 1993ರ ವಿಡಿಯೊದಲ್ಲಿ ಅಭ್ಯಾಸ ಮಾಡಿದವರೊಬ್ಬರೂ ಅವರಲ್ಲಿದ್ದಾರೆ. 2019ರಲ್ಲಿ ಜೋಯಿಸರ ಮೊಮ್ಮಗ ಆರ್. ಶರತ್ ಜೋಯಿಸ್ ಇದಕ್ಕಾಗಿ ಕ್ಷಮೆ ಕೋರಿದರು. ಆ ವಿಡಿಯೊವನ್ನು ಹೊಗಳುವವರು ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಮನೆಯ ಬಾಗಿಲು ಹಾಕಿಕೊಂಡು, ಯಾರ ಕೈಯೂ ಸೋಕದೆ ಅಭ್ಯಾಸ ಮಾಡುವ ಸ್ವಾತಂತ್ರ್ಯ ಅನೇಕ ಹೆಣ್ಣುಮಕ್ಕಳಿಗೆ ಸಣ್ಣ ವಿಷಯವಲ್ಲ. ಒಳ್ಳೆಯ ಶಿಕ್ಷಕರು ದೊರೆಯದ ಊರುಗಳಲ್ಲಿ, ಶುಲ್ಕ ಕೊಡಲಾಗದ ಮನೆಗಳಲ್ಲಿ ವಿಡಿಯೊವೇ ಏಕಮಾತ್ರ ದಾರಿ. ಆದುದರಿಂದ ವಿಡಿಯೊವನ್ನು ತಿರಸ್ಕರಿಸುವುದರಿಂದ ಪ್ರಯೋಜನವಿಲ್ಲ. ಅದನ್ನು ತಿದ್ದಬೇಕು, ಬಳಸುವ ಕ್ರಮವನ್ನೂ ತಿದ್ದಬೇಕು.

ಬಳಸುವುದು ಹೇಗೆ?

ಮಾಡುವವರಿಗೆ ಇರುವ ಕೊರತೆ ಹಿಮ್ಮಾಹಿತಿಯದು. ಅದನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲ ಸಾಧನ ಅವರ ಕೈಯಲ್ಲೇ ಇದೆ. ಪಾಠ ತೋರಿಸುವ ಫೋನೇ ಅಭ್ಯಾಸವನ್ನು ಚಿತ್ರಿಸಲೂ ಬಲ್ಲದು. ಓದುಗರು ಈ ಕ್ರಮವನ್ನು ಪರೀಕ್ಷಿಸಬಹುದು:

1. ವಿಡಿಯೊವನ್ನು ಮೊದಲು ಕುಳಿತು ಪೂರ್ತಿ ನೋಡಿ. ಏರುವುದು, ಇಳಿಯುವುದು, ಯಾರು ಮಾಡಬಾರದು ಎಂಬ ಮೂರೂ ಇಲ್ಲದಿದ್ದರೆ ಅದನ್ನು ಬಿಟ್ಟುಬಿಡಿ.

2. ಅಭ್ಯಾಸದ ಹೊತ್ತಿನಲ್ಲಿ ಪರದೆಯನ್ನು ನೋಡಬೇಡಿ. ಬೇಕಾದರೆ ಧ್ವನಿಯನ್ನಷ್ಟೇ ಕೇಳಿ.

3. ಫೋನನ್ನು ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ನಿಲ್ಲಿಸಿ ನಿಮ್ಮ ಅಭ್ಯಾಸವನ್ನು ಚಿತ್ರಿಸಿ. ಮುಗಿದ ಮೇಲೆ ಪಾಠದ ಚಿತ್ರದೊಂದಿಗೆ ಹೋಲಿಸಿ. ಬೆನ್ನಿನ ಬಾಗು ಎಲ್ಲಿ ಆರಂಭವಾಗುತ್ತದೆ ಎಂಬುದು ಪಕ್ಕದ ನೋಟದಲ್ಲಿ ಮಾತ್ರ ತಿಳಿಯುತ್ತದೆ.

4. ಒಂದು ಕಾಲಕ್ಕೆ ಒಂದೇ ಪದ್ಧತಿಯನ್ನು ಅನುಸರಿಸಿ.

5. ಉಸಿರು ಕಟ್ಟಿದರೆ, ಕೀಲಿನಲ್ಲಿ ಚುಚ್ಚು ನೋವು ಬಂದರೆ, ಕೈಕಾಲು ಜುಮ್ಮೆಂದರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಲಿ. ಸ್ನಾಯುವಿನ ಎಳೆತ ಬೇರೆ, ಕೀಲಿನ ನೋವು ಬೇರೆ.

6. ತಲೆಕೆಳಗಾಗುವ ಆಸನಗಳನ್ನೂ ಕಾಲನ್ನು ತಲೆಯ ಹಿಂದೆ ಹಾಕುವ ಆಸನಗಳನ್ನೂ ಮೊದಲ ಬಾರಿಗೆ ವಿಡಿಯೊದಿಂದ ಕಲಿಯಬೇಡಿ. ವರ್ಷಕ್ಕೆ ನಾಲ್ಕಾರು ಸಲವಾದರೂ ತಿಳಿದವರೊಬ್ಬರ ಕಣ್ಣಿಗೆ ನಿಮ್ಮ ಅಭ್ಯಾಸ ಬೀಳಲಿ. ಅವರು ಮುಟ್ಟಲೇಬೇಕೆಂದಿಲ್ಲ, ನೋಡಿದರೆ ಸಾಕು.

ತೀರ್ಮಾನವಾಗಿ ಹೇಳುವುದಾದರೆ, ಆರಂಭದ ಸರಳ ಆಸನಗಳಿಗೆ ವಿಡಿಯೊ ಸಾಕಷ್ಟು ಒಳ್ಳೆಯ ಶಿಕ್ಷಕ. ಅಲ್ಲಿ ತಪ್ಪಿನ ಬೆಲೆ ಕಡಿಮೆ. ಚೆನ್ನಾಗಿ ಕಲಿತವರಿಗೆ ಅದು ಒಳ್ಳೆಯ ಜ್ಞಾಪಕ. ನಡುವಿನ ಹಂತದಲ್ಲಿ, ದೇಹಕ್ಕೆ ಶಕ್ತಿ ಬಂದು ವಿವೇಚನೆ ಇನ್ನೂ ಬಲಿಯದ ಹೊತ್ತಿನಲ್ಲಿ, ಅದು ಅತ್ಯಂತ ದುರ್ಬಲ. ಆ ಹಂತದವರನ್ನೇ ಉದ್ದೇಶಿಸಿ ವಿಡಿಯೊ ಮಾಡುವವರು ಪೂರ್ಣಗೊಂಡ ಆಸನದ ಸೊಗಸನ್ನು ಕಡಿಮೆ ತೋರಿಸಿ, ಆಸನ ಬಾರದವರ ದೇಹವೊಂದನ್ನು ಹೆಚ್ಚು ಹೊತ್ತು ತೋರಿಸಲಿ. ಎಡವುವುದು ಎಲ್ಲಿ, ನಿಲ್ಲಿಸಬೇಕಾದದ್ದು ಯಾವಾಗ ಎಂಬುದು ನೋಡುವವರಿಗೆ ಅದರಿಂದಲೇ ತಿಳಿಯುವುದು.